ಸೇಬಿನ ಮರ ಬಿಟ್ಟು ನೇರಳೆ ಮರ ಹಾಡಿಸಿದ ಮೇಷ್ಟ್ರು

ಮಳೆ ಬರಲೆಂದು ಊರವರು ಕತ್ತೆಗೆ ಮದುವೆ ಮಾಡಿಸುತ್ತಿದ್ದಾಗ, ನಾವು ಶಾಲೆಯಲ್ಲಿ ಕುಳಿತು ಮಳೆಯನ್ನು ವಾಪಸ್ ಹೋಗೆನ್ನುವ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿದವರು. ಯಾರಿಗೂ ನಗು ಬರಲಿಲ್ಲ. ಪುಸ್ತಕದಲ್ಲಿದೆ ಅಂದಮೇಲೆ ಸರಿಯೇ ಇರಬೇಕು ಅಂದುಕೊಂಡೆವು.

ಇಂಥದ್ದನ್ನು ನೂರು ವರ್ಷಕ್ಕೂ ಹಿಂದೆ ಗಮನಿಸಿದವರು ಕಾರ್ಟರ್ ವುಡ್ಸನ್. 1875ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದರು. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿದ್ದು ಬಿಡುಗಡೆಯಾದವರು. ಹೊಟ್ಟೆಪಾಡಿಗೆ ವುಡ್ಸನ್ ಕಲ್ಲಿದ್ದಲು ಗಣಿಗೆ ಇಳಿದರು. ಅಲ್ಲಿ ಆಲಿವರ್ ಜೋನ್ಸ್ ಎಂಬ ಕಪ್ಪು ಕಾರ್ಮಿಕನ ಮನೆಯಲ್ಲಿ ಕೆಲಸ ಮುಗಿದ ಮೇಲೆ ಗಣಿಯವರೆಲ್ಲ ಸೇರುತ್ತಿದ್ದರು. ಜೋನ್ಸ್‌ಗೆ ಓದಲು ಬಾರದು, ಆದರೆ ಮನೆಯಲ್ಲಿ ಪುಸ್ತಕ, ಪತ್ರಿಕೆ ಇಟ್ಟಿದ್ದ. ಎಲ್ಲರಿಗೂ ಪೇಪರ್ ಓದಿ ಹೇಳುವ ಕೆಲಸ ಹುಡುಗ ವುಡ್ಸನ್‌ನದು. (ಸುದ್ದಿ ಬರೆದು ಬದುಕುವ ನಮಗೆ ಈ ಭಾಗ ಬಹಳ ಇಷ್ಟ.) ಗುಲಾಮಗಿರಿ ಕೊನೆಗಾಣಿಸಿದ ಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ಕಥೆಗಳನ್ನು ಅವರು ಕೇಳಿದ್ದು ಆ ಮನೆಯಲ್ಲೇ.

20ನೇ ವಯಸ್ಸಿಗೆ ಹೈಸ್ಕೂಲು ಸೇರಿದವರು 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. ಅದಕ್ಕೂ ಮೊದಲು, 1903ರಿಂದ ಕೆಲವು ವರ್ಷ ಫಿಲಿಪ್ಪೀನ್ಸ್‌ನಲ್ಲಿ ಮೇಷ್ಟ್ರಾಗಿದ್ದರು. ಆಗ ಅದು ಅಮೆರಿಕದ ಆಳ್ವಿಕೆಯಲ್ಲಿತ್ತು. ದೊಡ್ಡ ಡಿಗ್ರಿ ಹಿಡಿದು ಬಂದ ಅಮೆರಿಕದ ಮೇಷ್ಟ್ರುಗಳು ಅಲ್ಲಿನ ಮಕ್ಕಳಿಗೆ ಸೇಬಿನ ಮರ ಅಲುಗಿಸುವ ಹಾಡು, ಜಾರ್ಜ್ ವಾಷಿಂಗ್ಟನ್ ಕಥೆ ಹೇಳಿ ಸೋತರು. ಆ ಮಕ್ಕಳು ಸೇಬಿನ ಮರವನ್ನೇ ಕಂಡಿರಲಿಲ್ಲ. ಗೆದ್ದದ್ದು ವಿಮೆ ಕೆಲಸ ಬಿಟ್ಟು ಬಂದಿದ್ದ ಒಬ್ಬ ಮೇಷ್ಟ್ರು. ಅವರು ಹಾಡಿಸಿದ್ದು ಮಕ್ಕಳು ನಿಜಕ್ಕೂ ಅಲುಗಿಸಿ ಗೊತ್ತಿದ್ದ ಲೊಂಬೊಯ್ ಮರದ ಹಾಡು. ಲೊಂಬೊಯ್ ಅಂದರೆ ಬೇರೇನಲ್ಲ, ನಮ್ಮ ನೇರಳೆ! ಹೇಳಿದ್ದು ಅವರದೇ ನಾಡಿನ ಹೋಸೆ ರಿಸಾಲ್ ಕಥೆ.

ಇದನ್ನು ವುಡ್ಸನ್ 1933ರ ತಮ್ಮ 'ದಿ ಮಿಸ್‌ಎಜುಕೇಷನ್ ಆಫ್ ದಿ ನೀಗ್ರೋ' ಪುಸ್ತಕದಲ್ಲಿ ಬರೆದಿದ್ದಾರೆ. ಕಪ್ಪು ಮಕ್ಕಳಿಗೆ ಶಾಲೆ ಸಿಕ್ಕರೆ ಸಾಲದು, ನಿನ್ನ ಜನ ಏನೂ ಸಾಧಿಸಿಲ್ಲ ಎಂದು ಆ ಶಾಲೆಯೇ ಕಲಿಸಿದರೆ ಮಗು ಓದಿದಷ್ಟೂ ತನ್ನವರನ್ನು ಕೀಳಾಗಿ ಕಾಣುತ್ತದೆ ಎಂಬುದು ಅವರ ವಾದ. ಬರೀ ವಾದ ಮಾಡಿ ಕೂರಲಿಲ್ಲ. 1915ರಲ್ಲಿ ಕಪ್ಪು ಜನರ ಇತಿಹಾಸ ಕೂಡಿಡಲು ಸಂಘ ಕಟ್ಟಿದರು. 1926ರ ಫೆಬ್ರವರಿಯಲ್ಲಿ ಒಂದು ವಾರ ಆ ಇತಿಹಾಸಕ್ಕೆ ಮೀಸಲಿಡಿ ಎಂದು ಕರೆ ಕೊಟ್ಟರು. 1937ರಿಂದ ಶಾಲಾ ಮೇಷ್ಟ್ರುಗಳಿಗೆಂದೇ ಪತ್ರಿಕೆ ತಂದರು. ಆ ವಾರ 1976ರಲ್ಲಿ ಇಡೀ ತಿಂಗಳಾಯಿತು. ಅದನ್ನು ನೋಡಲು ವುಡ್ಸನ್ ಇರಲಿಲ್ಲ, 1950ರಲ್ಲೇ ತೀರಿಕೊಂಡಿದ್ದರು.

ದೂರದ ಕಥೆ ಅನ್ನಬೇಡಿ. ಆಫ್ರಿಕಾ ಮೂಲದ ಸಿದ್ದಿ ಜನ ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಇದ್ದಾರೆ. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ನಾವು ಓದಿದ ಯಾವ ಪಾಠದಲ್ಲೂ ಅವರ ಹೆಸರು ಬಂದ ನೆನಪಿಲ್ಲ. ನಿಮ್ಮ ಮನೆಯ ಮಗುವಿನ ಸಮಾಜ ಪುಸ್ತಕ ಒಮ್ಮೆ ತಿರುವಿ ಹಾಕಿ. ಸಿದ್ದಿಗಳ ಪಾಠ ಇದ್ದರೆ ಆ ಪುಟದ ಫೋಟೋ ನಮಗೆ ಕಳಿಸಿ.