ಸುಮ್ನೆ ನಡೆಯೋದು ಕೂಡ ನಮ್ಮ ಹಕ್ಕು

ಮೊನ್ನೆ ಭಾನುವಾರ ನಾವು ಐದು ಮಂದಿ ಗೆಳೆಯರು ಕುಳಗೇರಿ ಕ್ರಾಸ್‌ನ್ಯಾಗ ಕೂಡಿದ್ವಿ. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯಿಂದ ಬಾದಾಮಿ ದಾರಿ ಒಡೆಯೋದು ಇಲ್ಲೇ. ಚಾ ಕುಡಿದು, ಬಸ್ ಹತ್ತಿ ಬಾದಾಮಿಗೆ ಹೋಗಿ, ಅಲ್ಲಿಂದ ಗುಡ್ಡದಾಗ ಸಿಡಿಲಪಡಿವರೆಗೂ ನಡೆದುಕೊಂಡು ಹೋದ್ವಿ. ಸಭೆ ಇಲ್ಲ, ಧರಣಿ ಇಲ್ಲ, ಅರ್ಜಿ ಕೊಡೋದಿಲ್ಲ. ಸುಮ್ನೆ ಅಡ್ಡಾಡಾಕ.

ಹೊರಡೋವಾಗ ಅವ್ವ ಕೇಳಿದ್ಲು: "ಕೆಲಸ ಇಲ್ದ ಬಿಸಿಲಾಗ ಯಾಕ ನಡೀತೀರೋ?" ಆ ಪ್ರಶ್ನೆ ದಿನಪೂರ್ತಿ ನನ್ನ ಬೆನ್ನು ಬಿಡಲಿಲ್ಲ. ಅವಳು ಕಂಡ ನಡಿಗೆ ಅಂದ್ರೆ ಕೂಲಿಗೆ, ನೀರಿಗೆ, ಗುಳೆಗೆ, ಸತ್ತವರ ಸುದ್ದಿ ಮುಟ್ಟಿಸಾಕ. ನಮ್ಮಜ್ಜ ದೊಡ್ಡವರ ಓಣಿ ಬಂತಂದ್ರೆ ಚಪ್ಪಲಿ ಕೈಯಾಗ ಹಿಡ್ಕೊಂಡು ದಾಟ್ತಿದ್ದ. ಖುಷಿಗೆ ನಡೆಯೋದು ಅಂತ ಒಂದು ಐತಿ ಅನ್ನೋದೇ ನಮ್ಮ ಮನ್ಯಾಗ ಗೊತ್ತಿರ್ಲಿಲ್ಲ.

ಗೊತ್ತಿದ್ದವರಿಗಾದ್ರೂ ಅದು ಸಿಕ್ಕಿತ್ತೇನು? ಬಾಬಾಸಾಹೇಬರ ಬದುಕಿನದೇ ಒಂದು ಪ್ರವಾಸ ನೆನಪು ಮಾಡ್ಕೊಳ್ರಿ.

1934ರಲ್ಲಿ ಚಳವಳಿಯ ಸಂಗಾತಿಗಳು ಬಾಬಾಸಾಹೇಬರನ್ನ ಪ್ರವಾಸಕ್ಕೆ ಕರೆದರು. ವೇರೂಳದ ಬೌದ್ಧ ಗುಹೆಗಳನ್ನ ನೋಡಲೇಬೇಕು ಅನ್ನೋ ಮಾತಿನ ಮೇಲೆ ಅವರು ಒಪ್ಪಿದರು. ಸುಮಾರು ಮೂವತ್ತು ಮಂದಿ. ಔರಂಗಾಬಾದ್ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ದಾರಿಯಲ್ಲಿ ಅವಮಾನ ಆಗಬಾರದು ಅಂತ ತಾವು ಯಾರು ಅನ್ನೋದನ್ನ ಮುಚ್ಚಿಟ್ಟುಕೊಂಡೇ ಹೊರಟರು. ಗೆಳೆಯರ ಜೊತೆ ರಜೆಗೆ ಹೋಗೋವಾಗಲೂ ಗುರುತು ಅಡಗಿಸಬೇಕು!

ದೌಲತಾಬಾದ್ ಕೋಟೆಗೆ ಬಂದಾಗ ಸಂಜೆ. ರಂಜಾನ್ ತಿಂಗಳು. ಬಾಗಿಲ ಹೊರಗೆ ತುಂಬಿ ನಿಂತ ಸಣ್ಣ ಹೊಂಡ. ದಾರಿಯ ಧೂಳು ಮೈತುಂಬಾ ಇತ್ತು. ಕೆಲವರು ಅದೇ ನೀರಲ್ಲಿ ಮುಖ, ಕಾಲು ತೊಳೆದುಕೊಂಡರು. ಒಬ್ಬ ಮುದುಕ ಹೊಂಡ ಮೈಲಿಗೆ ಆಯ್ತು ಅಂತ ಕೂಗಿಕೊಂಡು ಓಡಿಬಂದ. ಜನ ಸೇರಿದರು, ಬೈಗುಳ ಸುರಿಯಿತು. ನಮ್ಮವರೊಬ್ಬ ಮುಸಲ್ಮಾನನಾದರೆ ಆಗಲೂ ನೀರು ತಡೀತೀರಾ ಅಂತ ಬಾಬಾಸಾಹೇಬರು ತಿರುಗಿ ಕೇಳಿದಾಗ ಗುಂಪು ಸುಮ್ಮನಾಯಿತು. ಕಡೆಗೆ ಕೋಟೆ ನೋಡಲು ಬಿಟ್ಟರು, ಆದ್ರ ಒಳಗೆ ಎಲ್ಲೂ ನೀರು ಮುಟ್ಟಬಾರದು ಅನ್ನೋ ಷರತ್ತಿನ ಮೇಲೆ. ಮುಟ್ಟದಂತೆ ಕಾಯಾಕ ಒಬ್ಬ ಬಂದೂಕುಧಾರಿ ಸಿಪಾಯಿ ಹಿಂದೆ ಹಿಂದೆ ನಡೆದ.

ಆ ಹೊತ್ತಿಗೆ ಅವರು ಕೊಲಂಬಿಯಾ ಮತ್ತು ಲಂಡನ್ನಿನಲ್ಲಿ ಓದಿ ಬಂದ ಬ್ಯಾರಿಸ್ಟರ್, ದುಂಡುಮೇಜಿನ ಪರಿಷತ್ತಿನಲ್ಲಿ ಮಾತಾಡಿ ಬಂದ ನಾಯಕ. ಪರದೇಶದಲ್ಲಿದ್ದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನೋದೇ ಮರೆತುಹೋಗಿತ್ತು ಅಂತ ಅವರೇ ಬರೆದುಕೊಂಡಿದ್ದಾರೆ. ಇದನ್ನ ಒಂದು ಧರ್ಮದ ಮೇಲೆ ಹಾಕಿ ಕೈ ತೊಳ್ಕೋಬ್ಯಾಡ್ರಿ. ಜಾತಿಯ ರೋಗ ಎಲ್ಲಾ ಬಾಗಿಲು ದಾಟ್ತದ ಅನ್ನೋದೇ ಅವರು ಕಲಿಸಿದ ಪಾಠ.

ಕಾನೂನು ಇರ್ಲಿಲ್ಲೇನು ಅಂತ ಕೇಳಬಹುದು. ಬ್ರಿಟಿಷ್ ಇಲಾಖೆಯಲ್ಲಿ ಇತ್ತು. 1923ರ ಆಗಸ್ಟ್‌ನಲ್ಲಿ ಎಸ್.ಕೆ. ಬೋಲೆ ಅವರ ಠರಾವು ಬಾಂಬೆ ವಿಧಾನ ಪರಿಷತ್ತಿನಲ್ಲಿ ಪಾಸಾಯಿತು: ಸಾರ್ವಜನಿಕ ಹಣದಿಂದ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆ ಎಲ್ಲ ಅಸ್ಪೃಶ್ಯರಿಗೂ ತೆರೆದಿರಬೇಕು. ನಮ್ಮ ಬಾದಾಮಿ, ಬಾಗಲಕೋಟೆ, ಹುನಗುಂದ ಆಗ ಬಾಂಬೆ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲೇ ಇದ್ದವು. ಆ ಠರಾವು ನಮ್ಮ ಊರುಗಳಿಗೂ ಸೇರಿದ್ದೇ. ಆದ್ರ ಕಾಗದ ತಾನಾಗೇ ನೀರು ಕೊಡೋದಿಲ್ಲ. 1927ರ ಮಾರ್ಚ್ 20ರಂದು ಮಹಾಡದಲ್ಲಿ ಸಾವಿರಾರು ಮಂದಿ ಸಾಲಾಗಿ ನಡೆದು ಹೋಗಿ ಚವದಾರ ಕೆರೆಯ ನೀರು ಕುಡಿದರು. ಅದೂ ಒಂದು ನಡಿಗೆನೇ. ಆ ಕೆರೆಯ ಮೊಕದ್ದಮೆ ನಮ್ಮವರ ಪರವಾಗಿ ಹೈಕೋರ್ಟಿನಲ್ಲಿ ಮುಗಿಯೋ ಹೊತ್ತಿಗೆ 1937.

ಇಂಗ್ಲೆಂಡಿನಲ್ಲೂ ಗುಡ್ಡಗಾಡಿನ ನಡಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಅಲ್ಲಿನ ಹಸಿರು ಬೆಟ್ಟಗಳ ಫೋಟೋ ನೋಡಿ ಆಹಾ ಅಂತೀವಿ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಕಾರ್ಮಿಕ ಹುಡುಗರು, ಇಪ್ಪತ್ತರ ಹರೆಯದ ಬೆನ್ನಿ ರಾತ್‌ಮನ್ ಮುಂದಾಳ್ತನದಲ್ಲಿ, ಕಿಂಡರ್ ಸ್ಕೌಟ್ ಗುಡ್ಡಕ್ಕೆ ನುಗ್ಗಿದರು. ಶ್ರೀಮಂತರು ಹಕ್ಕಿ ಬೇಟೆಗಂತ ಬೇಲಿ ಹಾಕಿಟ್ಟ ಗುಡ್ಡ ಅದು. ಐದು ಮಂದಿ ಜೈಲಿಗೆ ಹೋದರು. ಆಮೇಲೆ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ, 2000ದಲ್ಲಿ ಬಯಲು ಗುಡ್ಡಗಳಲ್ಲಿ ಅಡ್ಡಾಡೋ ಹಕ್ಕಿನ ಕಾಯ್ದೆ ಬಂತು. ಆದ್ರ ಒಂದು ಫರಕ್ ಐತಿ. ಅಲ್ಲಿ ಜಗಳ ನೆಲ ಯಾರದು ಅನ್ನೋದರ ಮೇಲೆ. ಇಲ್ಲಿ ಕಾಲು ಯಾರದು ಅನ್ನೋದರ ಮೇಲೆ.

ಅದಕ್ಕ ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಒಮ್ಮೆ ಓದ್ರಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟದ ಜೊತೆ ರಸ್ತೆ ಅನ್ನೋ ಪದಾನೂ ಐತಿ. ಒಂದು ದೇಶದ ಸಂವಿಧಾನದಾಗ ರಸ್ತೆ ಎಲ್ಲರದು ಅಂತ ಬರೀಬೇಕಾಯ್ತು ಅಂದ್ರ, ಅದರ ಹಿಂದೆ ಎಷ್ಟು ಕಾಲು ನೊಂದಿರಬೇಕು!

ಮೊನ್ನೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮ್ಯಾಲ ಕುಂತು ಇದನ್ನೆಲ್ಲ ಮಾತಾಡಿದ್ವಿ. ಎದುರಿಗೆ ಕೆಂಪು ಬಂಡೆ. ಮಂಗಳೇಶ ಬರೆಸಿದ 578ರ ಶಾಸನ ಇರೋ ಮೂರನೇ ಗುಹೆ ಅಲ್ಲೇ ಮ್ಯಾಲ. ಶಾಸನ ರಾಜರ ಹೆಸರು ಹೇಳ್ತದ, ಕಲ್ಲು ಹೊತ್ತವರ ಹೆಸರು ಹೇಳೋದಿಲ್ಲ. ಸಿಡಿಲಪಡಿಗೆ ಹೋದ್ರ ರಾಜರೂ ಇಲ್ಲ. ಚಾಲುಕ್ಯರಿಗಿಂತ ಸಾವಿರಾರು ವರ್ಷ ಹಿಂದಿನ ಮಂದಿ ಬಂಡೆ ಮ್ಯಾಲ ಬರೆದ ಚಿತ್ರ ಅವು. ಅವರಿಗೆ ಯಾವ ಓಣಿ, ಯಾವ ಕೇರಿ?

ದಾರಿಯಾಗ ನಮ್ಮ ಜೊತೆಗಿದ್ದ ಹುಡುಗಿ ಬೂಟು ಬಿಚ್ಚಿ ಕೈಯಾಗ ಹಿಡ್ಕೊಂಡು ನಡೆದ್ಲು. ಬಂಡೆ ಬೆಚ್ಚಗ ಐತಿ ಅಂತ, ಅಷ್ಟೇ. ನನಗ ಅಜ್ಜ ಕಣ್ಮುಂದ ಬಂದ. ಅವನಿಗೆ ಅದು ಕಟ್ಟಳೆ, ಇವಳಿಗೆ ಇದು ಖುಷಿ. ಈ ಎರಡರ ನಡುವೆ ಎಷ್ಟು ಮಂದಿಯ ಹೋರಾಟ ಐತಿ ಅನ್ನೋದು ಮರೀಬಾರದು.

ಸಂಜಿಗೆ ಕುಳಗೇರಿ ಕ್ರಾಸಿಗೆ ವಾಪಸ್ ಬಂದು ಅವ್ವಗ ಫೋನ್ ಮಾಡಿದೆ. "ಮುಂದಿನ ಸಲ ನೀನೂ ಬಾ" ಅಂದೆ. ನಕ್ಕಳು. ಬರ್ತೀನಿ ಅಂದ್ಲು.

ನೀವೂ ಬರ್ರಿ. ಕೆಲಸ ಇಲ್ದಿದ್ರೂ ಬರ್ರಿ.

ಜೈ ಭೀಮ್.