ಅಂಧತಮಸ್ಸು ಮತ್ತು ಹರಿಕರುಣೆ: ಮಾಧ್ವ ವೇದಾಂತದ ಒಂದು ಇಕ್ಕಟ್ಟು

ಸತ್ತ ಮೇಲೆ ಜೀವನನ್ನು ಎಂದೂ ಮುಗಿಯದ ನೋವಿಗೆ ತಳ್ಳುವ ದೇವರನ್ನು ಕರುಣಾಳು ಎನ್ನಬಹುದೇ? ಇದು ಕ್ರೈಸ್ತ ದೇವಮೀಮಾಂಸೆಯ ತಲೆನೋವು, ನಮಗೆ ಸಂಬಂಧಿಸಿದ್ದಲ್ಲ ಎಂದು ಬದಿಗಿಡುವುದು ಸುಲಭ. ಶಾಂಕರ, ರಾಮಾನುಜ ವೇದಾಂತಗಳಲ್ಲಿ ನರಕಕ್ಕೆ ಕೊನೆಯುಂಟು. ಪಾಪ ಸವೆದ ಮೇಲೆ ಜೀವ ಮತ್ತೆ ಹುಟ್ಟಿಗೆ ಮರಳುತ್ತಾನೆ. ಉಡುಪಿಯ ಮಧ್ವಾಚಾರ್ಯರು (1238–1317) ಮಾತ್ರ ಮರಳುವ ದಾರಿಯೇ ಇಲ್ಲದ ಅಂಧತಮಸ್ಸನ್ನು ಒಪ್ಪಿದರು. ಹಾಗಾಗಿ ಪ್ರಶ್ನೆ ಕನ್ನಡ ನೆಲದ್ದೂ ಹೌದು.

ಮಧ್ವರ ಪ್ರಕಾರ ಜೀವರು ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ಅಂಧತಮಸ್ಸಿಗೇ ತಕ್ಕವರಾದ ತಮೋಯೋಗ್ಯರು. ಈ ಯೋಗ್ಯತೆ ಅನಾದಿ, ದೇವರು ಒಂದು ದಿನ ಕೂತು ಹಂಚಿದ್ದಲ್ಲ. ಆದ್ದರಿಂದ ಅಂಧತಮಸ್ಸು ಒಂದು ಜನ್ಮದ ತಪ್ಪಿಗೆ ವಿಧಿಸಿದ ಅಳತೆಮೀರಿದ ದಂಡನೆಯಲ್ಲ. ಸ್ವರೂಪದಲ್ಲೇ ಇದ್ದ ಹರಿದ್ವೇಷ ಪೂರ್ತಿ ಪಕ್ವವಾದ ಸ್ಥಿತಿ. ಬ್ರಹ್ಮಸೂತ್ರಗಳ 2ನೇ ಅಧ್ಯಾಯದಲ್ಲಿ ಬರುವ ವೈಷಮ್ಯ, ನೈರ್ಘೃಣ್ಯಗಳ, ಅಂದರೆ ದೇವರು ಪಕ್ಷಪಾತಿ, ನಿರ್ದಯಿ ಎಂಬ ಆಕ್ಷೇಪಕ್ಕೆ ಇದು ಗಟ್ಟಿಯಾದ ಸಮಾಧಾನವೆಂದೇ ನನ್ನ ಎಣಿಕೆ.

ಈ ನಿಲುವಿಗೆ ಮಧ್ವರು ಎಷ್ಟು ನಿಷ್ಠರಾಗಿದ್ದರು ಎಂಬುದನ್ನು ಶಿಶುಪಾಲನ ಪ್ರಸಂಗ ತೋರಿಸುತ್ತದೆ. ರಾಜಸೂಯದ ಸಭೆಯಲ್ಲಿ ಕೃಷ್ಣನನ್ನು ಬಾಯಿತುಂಬ ನಿಂದಿಸಿ ಚಕ್ರಕ್ಕೆ ತಲೆಯೊಪ್ಪಿಸಿದವನ ದೇಹದಿಂದ ತೇಜಸ್ಸೊಂದು ಎದ್ದು ಕೃಷ್ಣನನ್ನೇ ಸೇರುತ್ತದೆ. ಭಾಗವತದ 7ನೇ ಸ್ಕಂಧ ಇದನ್ನು ಹಿಡಿದು, ದ್ವೇಷದಿಂದ ನೆನೆದವನಿಗೂ ಗತಿಯುಂಟೆನ್ನುವಂತೆ ಕಾಣುತ್ತದೆ. ಹಾಗೆ ಓದಿದರೆ ತಮೋಯೋಗ್ಯತೆಯ ಕಟ್ಟಡವೇ ಕುಸಿಯುತ್ತದೆ. ಮಧ್ವರು ಆ ಒಂದೇ ದೇಹದಲ್ಲಿ ಇಬ್ಬರು ಜೀವರನ್ನು ಕಂಡರು: ಶಾಪಗ್ರಸ್ತನಾದ ವೈಕುಂಠದ ದ್ವಾರಪಾಲಕ ಜಯ, ಮತ್ತು ಅವನೊಳಗೆ ಹೊಕ್ಕ ಅಸುರ. ಹರಿಯನ್ನು ಸೇರಿದವನು ಜಯ, ತಮಸ್ಸಿಗೆ ಇಳಿದವನು ಅಸುರ. ತರ್ಕ ಅಚ್ಚುಕಟ್ಟಾಗಿದೆ. ಆದರೆ ಕಥೆಯಲ್ಲಿ ದ್ವೇಷಿಯ ಮೇಲೂ ಹರಿದಿದ್ದ ಕೃಪೆ ಇಲ್ಲಿ ಭಕ್ತನಿಗಷ್ಟೇ ಮೀಸಲಾಯಿತು.

ನಿಜವಾದ ತೊಡಕು ಇದಕ್ಕಿಂತ ಆಳದಲ್ಲಿದೆ. ವಿಷ್ಣುವೊಬ್ಬನೇ ಸ್ವತಂತ್ರ ಎಂಬುದು ಮಧ್ವರ ದ್ವೈತದ ತಾಯಿಬೇರು. ದ್ರವ್ಯ, ಕರ್ಮ, ಕಾಲ, ಸ್ವಭಾವ, ಜೀವ ಇವೆಲ್ಲ ಇರುವುದೇ ಅವನ ಅನುಗ್ರಹದಿಂದ, ಅವನು ಉಪೇಕ್ಷಿಸಿದರೆ ಇಲ್ಲ ಎಂಬ ಭಾಗವತದ ಮಾತನ್ನು ಮಧ್ವರು ಆಧಾರವಾಗಿ ಹಿಡಿಯುತ್ತಾರೆ. ಸ್ವಭಾವದ ಇರವೂ ಅವನ ಅಧೀನವೆಂದ ಮೇಲೆ, ಸ್ವಭಾವವನ್ನೇ ಮುಂದೆಮಾಡಿ ಅವನನ್ನು ಹೊಣೆಯಿಂದ ಬಿಡಿಸುವುದು ಹೇಗೆ? ಅನಾದಿ ಎನ್ನುವುದು ಆರಂಭದ ಹೊಣೆಯನ್ನು ಕಳೆಯಬಹುದು, ಅನುಕ್ಷಣ ಉಳಿಸುತ್ತಿರುವ ಹೊಣೆಯನ್ನು ಕಳೆಯದು.

ಇದೇ ತೊಡಕು ಮಾಧ್ವ ಪರಂಪರೆಯ ಕನ್ನಡ ಕಾವ್ಯದಲ್ಲೂ ಇಣುಕುತ್ತದೆ. ಮಾನ್ವಿಯ ಹರಿದಾಸ ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ಕರುಣಾಸಂಧಿಯೂ ಇದೆ, ದೈತ್ಯತಾರತಮ್ಯ ಸಂಧಿಯೂ ಇದೆ. ಮೊದಲನೆಯದರಲ್ಲಿ ಹರಿ ಭಕ್ತನ ಹಾಡಿಗೆ ಸೋತು, ಅವನಿಗಿಂತ ಒಂದು ಹೆಜ್ಜೆ ಮುಂದಾಗಿ ಸ್ಪಂದಿಸುತ್ತಾನೆ. ಅಲ್ಲಿ ಯೋಗ್ಯತೆಯ ವಿಚಾರಣೆಯ ದನಿಯಿಲ್ಲ, ಕರೆದರೆ ಸಾಕು. ತಮೋಯೋಗ್ಯ ಮನಸಾರೆ ಕರೆಯುವುದೇ ಇಲ್ಲ ಎಂಬುದು ಸಿದ್ಧಾಂತದ ಉತ್ತರ. ಕರೆಯಲಾರದವನನ್ನೂ ಇರಿಸಿಕೊಂಡಿರುವವನು ಆ ಹರಿಯೇ ಆದ್ದರಿಂದ ಈ ಉತ್ತರ ನ್ಯಾಯದ ಪ್ರಶ್ನೆಗೆ ಸಾಲಬಹುದು, ಪ್ರೀತಿಯ ಪ್ರಶ್ನೆಗೆ ಸಾಲದು.