ಎಕ್ಸ್ ಕಿತ್ತರೆ ಸಾಲದು: ಎಚ್‌ಟಿಟಿಪಿ ಹೆಡರ್‌ಗಳ ಹೆಸರಿನ ಕಥೆ

ವೆಬ್ ಎಪಿಐಗೆ ಸ್ವಂತದ ಹೆಡರ್ ಸೇರಿಸುವಾಗ ಈಗ ಎಲ್ಲ ಕಡೆ ಕೇಳುವ ಮಾತು ಒಂದೇ: ‘ಎಕ್ಸ್-’ ಹಳತಾಯಿತು, ತೆಗೆಯಿರಿ. 2012ರ ಆರ್‌ಎಫ್‌ಸಿ 6648ನ್ನು ಅರ್ಧ ಓದಿದವರು ಹಬ್ಬಿಸಿದ ಮಾತಿದು.

ಸ್ಟ್ಯಾಂಡರ್ಡ್ ಅಲ್ಲದ ಖಾಸಗಿ ಹೆಸರೆಂದು ಗುರುತಿಸಲು ಮುಂದೆ ಹಚ್ಚುವ ಈ ಎಕ್ಸ್ ಹುಟ್ಟಿದ್ದು ವೆಬ್ಬಿನಲ್ಲಲ್ಲ. 1975ರಲ್ಲಿ ಬ್ರಯನ್ ಹಾರ್ವೆ ಎಫ್‌ಟಿಪಿಗೆಂದು ಅಂಥದ್ದೊಂದನ್ನು ಸೂಚಿಸಿದರು. 1982ರ ಆರ್‌ಎಫ್‌ಸಿ 822 ಇಮೇಲ್‌ನಲ್ಲಿ ಆ ಅಕ್ಷರವನ್ನು ಬಳಕೆದಾರರಿಗೇ ಬಿಟ್ಟುಕೊಟ್ಟಿತು. ಎಚ್‌ಟಿಟಿಪಿಗೆ ಅದು ರೂಢಿಯಾಗಿ ಬಂತು. ಖಾಸಗಿ ಹೆಸರು ಜನಪ್ರಿಯವಾದಾಗ ತೊಡಕು ಶುರು. ಸ್ಕ್ವಿಡ್ ಪ್ರಾಕ್ಸಿಯವರ ಎಕ್ಸ್-ಫಾರ್ವರ್ಡೆಡ್-ಫಾರ್ ಬದಲಿಗೆ 2014ರಲ್ಲಿ ‘ಫಾರ್ವರ್ಡೆಡ್’ ಎಂಬ ಸ್ಟ್ಯಾಂಡರ್ಡ್ ಬಂದರೂ ಹಳೆಯದು ಇವತ್ತಿಗೂ ಕದಲಿಲ್ಲ. ಎಕ್ಸ್-ಫ್ರೇಮ್-ಆಪ್ಷನ್ಸ್ ಅಂತೂ 2013ರಲ್ಲಿ ಎಕ್ಸ್ ಸಮೇತವೇ ಆರ್‌ಎಫ್‌ಸಿ ಸೇರಿತು.

6648 ಹೇಳಿದ್ದು ಇಷ್ಟು: ಹೊಸ ಹೆಸರಿಗೆ ಎಕ್ಸ್ ಬೇಡ, ಅರ್ಥವಾಗುವ, ಬೇರೆ ಯಾರೂ ಬಳಸುತ್ತಿಲ್ಲವೆಂದು ನಂಬಬಹುದಾದ ಹೆಸರನ್ನು ಆರಿಸಿ, ರೂಢಿಯಿದ್ದಲ್ಲಿ ಸಂಸ್ಥೆಯ ಹೆಸರನ್ನೂ ಸೇರಿಸಬಹುದು. ಬಳಕೆಯಲ್ಲಿರುವ ಹೆಸರುಗಳನ್ನು ಬದಲಿಸುವುದು ಬಿಡುವುದು ಆಯಾ ಒಡೆಯರಿಗೆ ಬಿಟ್ಟದ್ದು. ಎಕ್ಸ್ ಕಿತ್ತು ಬರೀ ‘ಯೂಸರ್’, ‘ವರ್ಷನ್’ ಎಂದು ಉಳಿಸಿಕೊಳ್ಳುವುದು ಈ ಸಲಹೆಗೆ ನೇರ ವಿರುದ್ಧ. ಸ್ಟ್ರೈಪ್-ಸಿಗ್ನೇಚರ್ ನನಗೆ ಮೆಚ್ಚಿಗೆಯಾದ ಮಾದರಿ: ಯಾರದು, ಏತಕ್ಕೆ ಎಂಬೆರಡೂ ಹೆಸರಲ್ಲೇ ಇವೆ.

ಪ್ರಾಕ್ಸಿ, ಗೇಟ್‌ವೇಗಳಲ್ಲಿ ದುಡಿದ ನಮ್ಮ ತಲೆಮಾರು ಹೆಸರಿನ ಪಾಠ ಕಲಿತದ್ದು ಆರ್‌ಎಫ್‌ಸಿಗಿಂತ ಹೆಚ್ಚಾಗಿ ನಡುದಾರಿಯಲ್ಲಿ. ಸರ್ವರ್ ತನಗೆ ಬಂದ ಹೆಡರನ್ನು ಅಪ್ಲಿಕೇಶನ್ನಿಗೆ ದಾಟಿಸುವ ಸಿಜಿಐ ಪದ್ಧತಿಯಲ್ಲಿ ಹೆಡರಿನ ಹೈಫನ್ ಅಂಡರ್‌ಸ್ಕೋರ್ ಆಗುತ್ತದೆ, ಅಕ್ಷರಗಳೆಲ್ಲ ದೊಡ್ಡವಾಗುತ್ತವೆ, ಮುಂದೆ ‘ಎಚ್‌ಟಿಟಿಪಿ_’ ಸೇರುತ್ತದೆ. ಹಾಗಾಗಿ ಹೈಫನ್ನಿನ ಹೆಸರೂ ಅಂಡರ್‌ಸ್ಕೋರಿನ ಹೆಸರೂ ಅಪ್ಲಿಕೇಶನ್ನಿಗೆ ಒಂದೇ ಆಗಿ ಕಾಣುತ್ತವೆ. ಇದಕ್ಕಾಗಿಯೇ ಎಂಜಿನ್‌ಎಕ್ಸ್, ಬೇರೆ ಸೆಟ್ಟಿಂಗ್ ಕೊಡದಿದ್ದರೆ, ಅಂಡರ್‌ಸ್ಕೋರ್ ಇರುವ ಹೆಡರನ್ನು ಕೈಬಿಡುತ್ತದೆ. ಕಳಿಸಿದವರಿಗೆ ಎರರ್ ಕೂಡ ಬರುವುದಿಲ್ಲ. 2016ರ ಎಚ್‌ಟಿಟಿಪಾಕ್ಸಿ ದೋಷ ಇನ್ನೂ ಗಂಭೀರ. ಹೊರಗಿನವರು ‘ಪ್ರಾಕ್ಸಿ’ ಎಂಬ ಹೆಡರ್ ಕಳಿಸಿದರೆ ಅದು ಸರ್ವರಿನೊಳಗೆ ‘ಎಚ್‌ಟಿಟಿಪಿ_ಪ್ರಾಕ್ಸಿ’ ಎನ್ನುವ ಎನ್ವಿರಾನ್ಮೆಂಟ್ ವೇರಿಯಬಲ್ ಆಗುತ್ತಿತ್ತು. ಅದನ್ನು ನಂಬಿದ ಲೈಬ್ರರಿಗಳು ಸರ್ವರಿನ ಹೊರಹೋಗುವ ರಿಕ್ವೆಸ್ಟ್‌ಗಳನ್ನು ದಾಳಿಕೋರನ ಯಂತ್ರದ ಮೂಲಕ ಕಳಿಸುತ್ತಿದ್ದವು. ಪರ್ಲ್ ಲೈಬ್ರರಿಯೊಂದರಲ್ಲಿ ಇದೇ ದೋಷ 2001ರಲ್ಲೇ ಸಿಕ್ಕಿತ್ತು. ಹದಿನೈದು ವರ್ಷ ಅದು ಎಲ್ಲರ ಪಾಠವಾಗದೆ ಹೋದದ್ದು ನೋವಿನ ಸಂಗತಿ.

2015ರ ಎಚ್‌ಟಿಟಿಪಿ/2 ಹೆಸರುಗಳನ್ನು ಸಣ್ಣ ಅಕ್ಷರಕ್ಕಿಳಿಸಿತು. 2022ರ ಆರ್‌ಎಫ್‌ಸಿ 9110 ಅಕ್ಷರ, ಅಂಕಿ, ಹೈಫನ್, ಚುಕ್ಕಿ ಇಷ್ಟರಲ್ಲೇ ಹೊಸ ಹೆಸರು ಮುಗಿಯಲಿ ಎಂದಿತು. ಹೆಸರುಗಳ ದಾಖಲೆ ಐಯಾನಾದಲ್ಲಿದೆ. ಹೊಸ ಹೆಸರಿಡುವ ಮುನ್ನ ಅದನ್ನು ತೆರೆದು ನೋಡುವ ತಂಡಗಳು ಕಡಿಮೆ.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಹಾಗೇ ಉಳಿದಿದೆ: ಈ ಹೆಡರನ್ನು ಬರೆಯುವ ಹಕ್ಕು ಯಾರಿಗೆ? ಬ್ರೌಸರ್‌ಗಳಲ್ಲಿ ‘ಸೆಕ್-’ ಅದಕ್ಕೆ ಉತ್ತರ ಕೊಡುತ್ತದೆ. ಅದರಿಂದ ಶುರುವಾಗುವ ಹೆಡರನ್ನು ಪುಟದ ಜಾವಾಸ್ಕ್ರಿಪ್ಟ್ ಬರೆಯಲಾರದು. ಸರ್ವರ್‌ಗಳ ನಡುವೆ ಅಂಥ ಸಾಮಾನ್ಯ ನಿಯಮವಿಲ್ಲ. ಎನ್ವಾಯ್ ಪ್ರಾಕ್ಸಿಯಾದರೋ ‘ಎಕ್ಸ್-ಎನ್ವಾಯ್-’ ಎಂಬ ತನ್ನದೇ ಪೂರ್ವಪ್ರತ್ಯಯ ಇಟ್ಟುಕೊಂಡು, ಆ ಗುಂಪಿನ ಆಂತರಿಕ ಹೆಡರ್‌ಗಳು ಹೊರಗಿನಿಂದ ಬಂದರೆ ಹೊಸ್ತಿಲಲ್ಲೇ ಅಳಿಸುತ್ತದೆ. ಸಂಸ್ಥೆಯ ಹೆಸರು ಮುಂದಿದ್ದರೆ ಗೇಟ್‌ವೇಯಲ್ಲಿ ಒಂದೇ ಸಾಲಿನ ನಿಯಮದಿಂದ ಯಾರಾದರೂ ಇದನ್ನು ಮಾಡಬಹುದು. ಹೆಸರುಗಳು ಚದುರಿದ್ದರೆ ಒಂದೊಂದನ್ನೂ ಕೈಯಿಂದ ಪಟ್ಟಿ ಮಾಡಬೇಕು. ನಿನ್ನೆ ಸೇರಿಸಿದ ‘ಯೂಸರ್’ ಅದರಲ್ಲಿ ಇಲ್ಲದಿದ್ದರೆ, ಹೊರಗಿನವರು ಬರೆದ ಬಳಕೆದಾರನ ಗುರುತನ್ನೇ ಒಳಗಿನ ಸರ್ವೀಸ್ ನಂಬಿಬಿಡುತ್ತದೆ.